ಹಿತ್ತಲ ಅಡಕೆ ಮತ್ತು ಕೊಳೆರೋಗ

ಕನ್ನಡದ ಒಂದು ಮಾತು ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳ ನಡುವೆ ಹೋಗಿ ಕುಳಿತಿದೆ: ಕಾಫಿ ಎಲೆಯ ಕೊಳೆಗೆ ಕಾರಣವಾದ ಶಿಲೀಂಧ್ರವನ್ನು ವಿದ್ವಾಂಸರು ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಕರೆದರು. ಅಡಕೆಯ ಕೊಳೆಯಾದರೋ ಬೇರೆ. ಅದು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಕೆಲಸ.

ಸೊರಬದ ಹಳ್ಳಿಗಳಲ್ಲಿ ಹಿತ್ತಲಿಗೆ ಹತ್ತು ಅಡಕೆಮರವಿರುವ ಮನೆಗಳು ಬಹಳ. ಶಿಕಾರಿಪುರದ ಕಡೆಯೂ ಗದ್ದೆಗಳು ತೋಟಗಳಾಗಿವೆ. ತೋಟಕ್ಕೆ ಔಷಧಿ ಹೊಡೆಸುವವರು ಹಿತ್ತಲನ್ನು ಮರೆಯುತ್ತಾರೆ. ಹತ್ತು ಮರಕ್ಕೆ ಕೊನೆಗಾರನನ್ನು ಕರೆಯುವುದು ಎಲ್ಲಿಯ ಲೆಕ್ಕ, ಎನ್ನುತ್ತಾರೆ. ಆ ಹತ್ತು ಮರದ ಕೊಳೆ ಗಾಳಿಮಳೆಯೊಡನೆ ನೆರೆಯವನ ತೋಟಕ್ಕೂ ದಾಟುತ್ತದೆ.

ಕಾಯಿ ಉದುರಿದ ಮಾತ್ರಕ್ಕೆ ಕೊಳೆ ಎನ್ನಬಾರದು. ನಾನೇ ಒಮ್ಮೆ ಏಪ್ರಿಲ್‌ನಲ್ಲಿ ಎಳೆಗಾಯಿ ಉದುರುವುದನ್ನು ಕಂಡು ಮೈಲುತುತ್ತ ಕೊಂಡುತಂದೆ. ನೆರೆಮನೆಯ ಹಿರಿಯರು ಒಂದು ಕಾಯನ್ನು ಎತ್ತಿ, ಸೂಜಿ ಚುಚ್ಚಿದಂಥ ಗುರುತನ್ನು ತೋರಿಸಿ, “ಮೇಷ್ಟ್ರೇ, ಇದು ತಿಗಣೆ ರಸ ಹೀರಿದ್ದು” ಎಂದರು. ತಿಗಣೆಗೆ ಮೈಲುತುತ್ತ ನಾಟದು. ಕೊಳೆಯ ಕಾಯಿ ಬೇರೆ ಬಗೆ. ಅದು ಮಳೆಗಾಲದ್ದು, ತೊಟ್ಟಿನ ಬಳಿ ನೀರು ನೆನೆದಂತೆ ಕಡುಹಸಿರು ಮಚ್ಚೆ ಮೂಡಿ ಹರಡುತ್ತದೆ, ಬಿದ್ದ ಕಾಯ ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ.

ನಮ್ಮ ಹಿರಿಯರು ಮಳೆಗೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಗೊನೆ ನೆನೆಯದಿದ್ದರೆ ರೋಗಕ್ಕೆ ನೆಲೆಯಿಲ್ಲ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ, 1910ರಲ್ಲಿ ಅದರ ಮೇಲೆ ಬರೆದರು. ಫ್ರಾನ್ಸಿನ ದ್ರಾಕ್ಷಿತೋಟಗಳ ಬೋರ್ಡೋ ದ್ರಾವಣ ಅಡಕೆಮರವನ್ನೇರಿತು. ಅದರ ಹುಟ್ಟೂ ಸ್ವಾರಸ್ಯದ್ದು: ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು, ಆ ಬಳ್ಳಿಗಳಿಗೆ ರೋಗ ತಗಲದ್ದನ್ನು ಮಿಲಾರ್ಡೆ ಎಂಬಾತ ಗಮನಿಸಿದ.

ಹಿತ್ತಲಿಗೆ ಹತ್ತು ಲೀಟರ್ ದ್ರಾವಣ ಬೇಕಾದರೆ ನೂರು ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಟ್ಟ ಸುಣ್ಣವನ್ನು ಇನ್ನೈದು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಸೋಸಿ, ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ ಸುರಿದು ಕಲಕಬೇಕು. ಪಾತ್ರೆ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಆಗಿರಲಿ, ಕಬ್ಬಿಣದ್ದು ಬೇಡ. ಉಜ್ಜಿ ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಅಂದು ಕಲಸಿದ್ದು ಅಂದೇ ಮುಗಿಯಬೇಕು. ಮೃಗಶಿರಾ ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಪುಷ್ಯದ ಹೊಳವಿನಲ್ಲಿ ಇನ್ನೊಮ್ಮೆ ಗೊನೆಗಳೆಲ್ಲ ನೆನೆಯುವಂತೆ ಹೊಡೆಸಿ.

ಹಿತ್ತಲೆಂದ ಮೇಲೆ ಬಾವಿ, ಸೊಪ್ಪಿನ ಮಡಿ ಇದ್ದೇ ಇರುತ್ತವೆ. ಮೈಲುತುತ್ತ ವಿಷ, ಬಾವಿಯ ಬಾಯಿ ಮುಚ್ಚಿ, ಮಕ್ಕಳನ್ನು ಒಳಗಿರಿಸಿ. ಬಿದ್ದ ಕೊಳೆಗಾಯನ್ನು ಮರದ ಬುಡದಲ್ಲೇ ಬಿಡದೆ ಆರಿಸಿ ಸುಡಿ.