ಹೆಂಚಿನ ಬೆನ್ನು ಹತ್ತಿ ಬಲ್ಮಠಕ್ಕೆ

ರಾಣೆಬೆನ್ನೂರಿನ ಹಳೇ ಮನೆಯೊಂದರ ಮಾಡು ಬಿಚ್ಚುತ್ತಿದ್ದರು. ಇಳಿಸಿಟ್ಟ ಕೆಂಪು ಹೆಂಚೊಂದನ್ನು ಮಗುಚಿ ಧೂಳು ಒರೆಸಿದೆ. ಅಬ್ಬಾ! ಒಳಮೈ ಮೇಲೆ ಬೆರಳಿಗೆ ತಾಗುವಷ್ಟು ಉಬ್ಬಿದ ಇಂಗ್ಲಿಷ್ ಅಕ್ಷರ: ಬಾಸೆಲ್ ಮಿಶನ್, ಮಂಗಳೂರು, 1865! (ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚಿನದಲ್ಲ. ಆದರೂ ಮೈ ಜುಂ ಎಂದಿತು.)

ಆ ಹೆಸರಿನ ಜಾಡು ಹಿಡಿದರೆ ಸೀದಾ ಮಂಗಳೂರಿನ ಬಲ್ಮಠದ ಗುಡ್ಡ. ಅಲ್ಲಿ 1862ರ ಶಾಂತಿ ಕೆಥೆಡ್ರಲ್, ಹೆಂಚಿನ ಕಾರ್ಖಾನೆಗಿಂತ ಮೂರು ವರ್ಷ ದೊಡ್ಡದು! ಅದರ ಸಭೆ ಕೂಡಿದ್ದಾದರೂ ಯಾರಿಂದ? ಮತ ಬದಲಿಸಿ ಮನೆ, ನೆಂಟಸ್ತಿಕೆ, ಕಸುಬು ಎಲ್ಲದರಿಂದ ಹೊರಬಿದ್ದವರಿಂದ.

ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೂರೇ ವರ್ಷಕ್ಕೆ ಮಿಶನ್ ಘಟ್ಟ ಹತ್ತಿ ಧಾರವಾಡ ಮುಟ್ಟಿತು. ನಮ್ಮ ಹಾವೇರಿ 1997ರವರೆಗೆ ಅದೇ ಜಿಲ್ಲೆಯದ್ದಲ್ಲವೇ! ಕರಾವಳಿಯಲ್ಲಿ ಹೊಸ ಮತಕ್ಕೆ ಬಂದವರಲ್ಲಿ ಬಿಲ್ಲವರು ಬಹಳ. ಬಂದದ್ದೇ ತಡ, ಕಷ್ಟದ ಸರಮಾಲೆ. ಭೂತಾರಾಧನೆ ಬಿಟ್ಟವನಿಗೆ ಗೇಣಿ ಭೂಮಿ ಕೈತಪ್ಪುತ್ತಿತ್ತು. ಇತ್ತ ಅವರ ಕಸುಬಾದ ಶೇಂದಿ ಇಳಿಸುವುದು ಮಿಶನ್ನಿಗೆ ಸೇರದು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗಂತೂ ಊರೇ ಹೊತ್ತಿಕೊಂಡಿತು. ಆತ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ!

ಹೊಟ್ಟೆಗೇನು ಗತಿ? ಮಗ್ಗ! ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಇದೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ರೇಷ್ಮೆ ರಿಬ್ಬನ್ ನೇಯ್ಗೆ ಬೇರೂರಿದ್ದೇ ಹೊರಗಿನಿಂದ ಓಡಿಬಂದ ಪ್ರೊಟೆಸ್ಟೆಂಟರ ಕೈಯಲ್ಲಿ. ಫ್ರಾನ್ಸಿನ ಹ್ಯೂಗೆನೋಗಳು ಮತಕ್ಕಾಗಿ ಪೆಟ್ಟು ತಿಂದು, ಊರು ಬಿಟ್ಟು, ಕಸುಬನ್ನು ಮಾತ್ರ ಜೊತೆಗೆ ಒಯ್ದಿದ್ದರು. ಆ ಊರಿನ ಮಿಶನ್ ಇಲ್ಲಿ ನಿರ್ಗತಿಕರಾದವರಿಗೂ ಮಗ್ಗವನ್ನೇ ಕೊಟ್ಟಿತು! 1851ರಲ್ಲಿ ಹಾಲರ್ ಎಂಬ ನೇಕಾರ ಯುರೋಪಿನಿಂದ ಬಂದ. ಬಲ್ಮಠದ ಖಾಕಿ ಬಟ್ಟೆ ಹೆಸರುವಾಸಿಯಾಯಿತು. ನಮ್ಮ ತುಮ್ಮಿನಕಟ್ಟಿಯ ನೇಕಾರರಿಗೆ ಈ ಕಥೆ ಹೇಳಬೇಕು, ಮಗ್ಗದ ಕುಣಿಯ ಮೇಲೆ ಕೂತೇ ನಕ್ಕಾರು.

ಮಗ್ಗಕ್ಕೆ ಎಲ್ಲರ ಹೊಟ್ಟೆ ತುಂಬಿಸಲು ಆಗಲಿಲ್ಲ. ನೇತ್ರಾವತಿ ದಂಡೆಯ ಜೇಡಿಮಣ್ಣು ಕೈಹಿಡಿಯಿತು. ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ಹೂಡಿದರು. ಒಂದರ ತೋಡಿಗೆ ಇನ್ನೊಂದರ ಅಂಚು ಕೂರುವ ಆ ಹೆಂಚು ಬಯಲುಸೀಮೆಯ ಮಾಡುಗಳನ್ನೂ ಏರಿತು.

ಇನ್ನು ಮಿಶನ್ನಿನ ಅಚ್ಚುಕೂಟ! 1841ರಲ್ಲಿ ಮೊದಲಾಯಿತು. ಪಾದ್ರಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, 1843ರ ಜುಲೈ 1ರಂದು ಹೊರಬಿತ್ತು. ಪಾದ್ರಿ ಕಿಟೆಲ್‌ರ ಕನ್ನಡ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. ಅಚ್ಚುಮೊಳೆ ಜೋಡಿಸಿದ ಕೈಗಳು ಯಾರವು ಅಂತೀರಿ? ಬಹುಮಟ್ಟಿಗೆ ಇದೇ ಸಭೆಯವರವು!

ಬಲ್ಮಠಕ್ಕೆ ಹೋದರೆ ಕೆಥೆಡ್ರಲ್ ನೋಡಿ ಹಾಗೇ ಇಳಿದು ಬರಬೇಡಿ. ಪಕ್ಕದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೂ ಹೊಕ್ಕು ಬನ್ನಿ. ಆ ಕಾಲದ ಅಚ್ಚಿನ ಪುಸ್ತಕಗಳು ಅಲ್ಲಿವೆ.