ಅವರೆಯ ಹಸಿರು ತಿಗಣೆ: ಗುರುತಿಸುವ ಕ್ರಮವೂ ಜೀವನಚರಿತ್ರೆಯೂ

ಆನೇಕಲ್, ಹೊಸಕೋಟೆ ತಾಲ್ಲೂಕುಗಳಲ್ಲಿಯೂ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಉಳಿದಿರುವ ಹೊಲಗಳಲ್ಲಿಯೂ ರಾಗಿಯ ನಡುವೆ ಅವರೆಯನ್ನು ಅಕ್ಕಡಿಸಾಲಾಗಿ ಬಿತ್ತುವ ವಾಡಿಕೆಯುಂಟು. ಅವರೆಯು ಕಾಯಿಕಟ್ಟುವ ಕಾಲದಲ್ಲಿ, ಬದುಗಳ ಹುಲ್ಲು ಕಳೆಗಳಲ್ಲಿ ಅಡಗಿದ್ದ ಹಸಿರು ತಿಗಣೆಯು ಗಿಡಕ್ಕೆ ಬಂದು ಸೇರುವುದು. ಇದು ಎಳೆಗಾಯಿಗೆ ಕೊಂಡಿಯನ್ನು ಚುಚ್ಚಿ ರಸವನ್ನು ಹೀರುವುದರಿಂದ ಕಾಳು ಸುರುಟಿ ಜೊಳ್ಳಾಗುವುದು. ಆದರೆ ಗುರಾಣಿಯಾಕಾರದ ತಿಗಣೆಗಳೆಲ್ಲವೂ ಶತ್ರುಗಳಲ್ಲವಾದ ಕಾರಣ, ಜಮೀನುದಾರರು ಮೊದಲು ಗುರುತನ್ನು ತಿಳಿಯತಕ್ಕದ್ದು.

ಗುರುತು.—ಬೆಳೆದ ತಿಗಣೆಯು ಅರ್ಧ ಅಂಗುಲಕ್ಕಿಂತ ಸ್ವಲ್ಪ ಉದ್ದವಾಗಿ, ಎಲೆಹಸಿರು ಬಣ್ಣವುಳ್ಳದ್ದಾಗಿರುವುದು. ಬೆನ್ನಿನ ಮೇಲಿನ ತ್ರಿಕೋಣದ ಬುಡದಲ್ಲಿ ಮೂರು ಸಣ್ಣ ಬಿಳಿಯ ಚುಕ್ಕೆಗಳು ಒಂದೇ ಸಾಲಿನಲ್ಲಿಯೂ, ಎರಡು ಮೂಲೆಗಳಲ್ಲಿ ಒಂದೊಂದು ಕರಿಯ ಚುಕ್ಕೆಯೂ ಇರುವುವು. ಮುಟ್ಟಿದರೆ ದುರ್ವಾಸನೆಯನ್ನು ಬಿಡುವುದು. ಶಾಸ್ತ್ರಜ್ಞರು ಇದನ್ನು ನೆಜಾರಾ ವಿರಿಡುಲಾ ಎನ್ನುವರು.

ಜೀವನಚರಿತ್ರೆ.—ಹೆಣ್ಣು ಎಲೆಯ ಕೆಳಭಾಗದಲ್ಲಿ ಪೀಪಾಯಿಯಾಕಾರದ ಮೊಟ್ಟೆಗಳನ್ನು ಒತ್ತೊತ್ತಾದ ಸಾಲುಗಳಲ್ಲಿ ಅಂಟಿಸುವುದು. ಒಂದು ಗುಂಪಿನಲ್ಲಿ ಕೆಲವೊಮ್ಮೆ 100ಕ್ಕೂ ಮೇಲ್ಪಟ್ಟಿರುವುವು. ಕೆನೆಬಣ್ಣದ ಮೊಟ್ಟೆಯು ಒಡೆಯುವ ಮುನ್ನ ಕೆಂಪೇರಿ, ಬೆಚ್ಚನೆಯ ಹವೆಯಲ್ಲಿ ಸುಮಾರು 5 ದಿನಗಳಲ್ಲಿ ಮರಿಯಾಗುವುದು. ಮರಿಗಳು ಮೊದಲು ಗಿಡವನ್ನು ಹೀರದೆ ಚಿಪ್ಪಿನ ಬಳಿಯೇ ಗುಂಪುಗೂಡಿರುವುವು. ಅನಂತರ ಕಪ್ಪಾಗಿ, ಚುಕ್ಕೆಗಳನ್ನು ಪಡೆದು, ಕ್ರಮೇಣ ಹಸಿರಾಗಿ, 5 ಸಲ ಪೊರೆ ಕಳಚಿ ರೆಕ್ಕೆಗಳನ್ನು ಪಡೆಯುವುವು. ಇದಕ್ಕೆಲ್ಲ ಸುಮಾರು ಐದು ವಾರಗಳು ಹಿಡಿಯುವುವು.

ಮಿತ್ರರು.—ಹೆಗಲಿನ ಎರಡು ಕಡೆಯೂ ಮುಳ್ಳಿದ್ದು, ಕಂದುಬಣ್ಣವಾಗಿ, ಕೊಂಡಿಯು ದಪ್ಪವಾಗಿದ್ದರೆ ಅದು ಕಂಬಳಿಹುಳು ಮತ್ತು ಕಾಯಿಕೊರಕಗಳ ರಸವನ್ನು ಹೀರುವ ಬೇಟೆಗಾರ ತಿಗಣೆ, ಅದನ್ನು ಕೊಲ್ಲಕೂಡದು. ಮೊಟ್ಟೆಯ ಗುಂಪು ಕಪ್ಪಾಗಿದ್ದರೆ ಅದನ್ನೂ ಹಾಗೆಯೇ ಬಿಡತಕ್ಕದ್ದು. ಬಹುಶಃ ಅದು ಬೇಟೆಗಾರನ ಮೊಟ್ಟೆ, ಇಲ್ಲವೆ ಹಸಿರು ತಿಗಣೆಯ ಮೊಟ್ಟೆಯೊಳಗೆ ಸಣ್ಣ ಕಣಜವು ಬೆಳೆಯುತ್ತಿರುವ ಕುರುಹು. ಇಂತಹ ಕಣಜವೊಂದನ್ನು 1933ರಲ್ಲಿ ಈಜಿಪ್ಟಿನಿಂದ ಆಸ್ಟ್ರೇಲಿಯಕ್ಕೆ ಈ ಪೀಡೆಯ ನಿವಾರಣೆಗಾಗಿಯೇ ತರಿಸಿದರು. ದುಡ್ಡು ಕೊಟ್ಟು ತರಿಸುವಂತಹ ಸಹಾಯವು ನಮ್ಮ ಹೊಲದಲ್ಲಿಯೇ ಇರುವಾಗ ಅದನ್ನು ವಿಷಕ್ಕೆ ಬಲಿಕೊಡುವುದು ನಷ್ಟ.

ನಿವಾರಣೆ.—ಕಾಯಿಕಟ್ಟುವ ಮೊದಲೇ ಬದುಗಳ ಕಳೆಯನ್ನು ತೆಗೆಯಬೇಕು. ಕೆನೆಬಣ್ಣದ ಅಥವಾ ಕೆಂಪೇರಿದ ಮೊಟ್ಟೆಗಳುಳ್ಳ ಎಲೆಗಳನ್ನೂ, ಗುಂಪಾಗಿರುವ ಮರಿಗಳನ್ನೂ ಕಿತ್ತು, ಸಾಬೂನು ನೀರಿನಲ್ಲಿ ಅದ್ದಿ ನಾಶಮಾಡತಕ್ಕದ್ದು. ಬೆಳಗಿನ ಚಳಿಯಲ್ಲಿ ತಿಗಣೆಗಳು ಜಡವಾಗಿರುವುದರಿಂದ ಗಿಡವನ್ನು ಬಾಣಲೆಯ ಮೇಲೆ ಅಲುಗಿಸಿ ಹಿಡಿಯುವುದು ಸುಲಭ. ಹಸಿಗಾಯಿಯನ್ನು ಕಿತ್ತು ಸಂತೆಗೊಯ್ಯುವ ದಿನಗಳಲ್ಲಿ ವಿಷವನ್ನು ಸಿಂಪಡಿಸಕೂಡದು. ಅದು ತಿನ್ನುವವರಿಗೂ ಹಾನಿಕರ. ತಿಗಣೆಯು ಹಾರಿ ಬರುವುದರಿಂದ ಒಬ್ಬನ ಶ್ರಮವು ಸಾಲದು. ಗ್ರಾಮದ ಮುಖಂಡರು ಅಕ್ಕಪಕ್ಕದ ಹಿಡುವಳಿದಾರರನ್ನು ಒಂದುಗೂಡಿಸಿ ಈ ಕೆಲಸವನ್ನು ಏಕಕಾಲದಲ್ಲಿ ನಡೆಸಬೇಕು.