ಚಾವಣಿ ಇಲ್ಲದ ತಾಲೀಮು

ದೊಡ್ಡಾಟದ ಮಾಸ್ತರರು ಊರಿಗೆ ಬರುವುದು ಸುಗ್ಗಿ ಮುಗಿದ ಮೇಲೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿ ಇದು. ಕಾಳು ಮನೆ ಸೇರಿರುತ್ತದೆ, ಹೊಲದ ಕೆಲಸದ ಒತ್ತಡ ಇಳಿದಿರುತ್ತದೆ. ರಾತ್ರಿ ಉಂಡು ಕೈ ತೊಳೆದವರು ಒಬ್ಬೊಬ್ಬರಾಗಿ ಖಾಲಿ ಕಣಕ್ಕೋ ಗುಡಿಯ ಮುಂದಿನ ಬಯಲಿಗೋ ಬಂದು ಸೇರುತ್ತಾರೆ. ಹಿರಿಯರು ಮಾತಾಡಿ ಕರೆಸಿದ ಮಾಸ್ತರರಿಗೆ ಊಟ ಸರದಿಯ ಮೇಲೆ ಒಂದೊಂದು ಮನೆಯಲ್ಲಿ. ಬಗಲಚೀಲದಲ್ಲಿ ಪ್ರಸಂಗದ ಕೈಬರಹದ ಪ್ರತಿ. ಅಂಚು ಸವೆದು, ಎಣ್ಣೆಗೈ ತಾಗಿ ಕಂದಾದದ್ದು.

ಕಲಿಕೆ ಶುರುವಾಗುವುದು ಕಾಲಿನಿಂದ. ಮಾಸ್ತರರು ತಾಳ ಹಾಕಿ ಬಾಯಲ್ಲಿ ಗತ್ತು ಹೇಳುತ್ತಾರೆ, ಕಲಿಯುವವರು ಸಾಲಾಗಿ ನಿಂತು ಹೆಜ್ಜೆ ಹಾಕುತ್ತಾರೆ. ಹಗಲೆಲ್ಲ ದುಡಿದ ಕಾಲು, ಗಟ್ಟಿ ನೆಲ. ಹೆಜ್ಜೆ ತಪ್ಪಿದರೆ ಧೂಳು ಏಳುವ ರೀತಿಯೇ ಬೇರೆ, ಮಾಸ್ತರರು ತಲೆ ಎತ್ತದೆಯೂ ಬೈಯಬಲ್ಲರು. ಹೆಜ್ಜೆ ಕೂತ ಮೇಲೆ ಪದ, ಅದಾದ ಮೇಲೆ ಮಾತು. ಅಕ್ಷರ ಬಾರದವನೂ ಕಿವಿಯಿಂದಲೇ ಕರ್ಣಾರ್ಜುನರ ಕಾಳಗದ ತನ್ನ ಪಾಲನ್ನು ಬಾಯಿಪಾಠ ಮಾಡುತ್ತಾನೆ. ಮರುದಿನ ಬಂಡಿ ಹೊಡೆಯುತ್ತ, ನೀರು ಹಾಯಿಸುತ್ತ ಅದನ್ನೇ ಕೂಗಿ ಕೂಗಿ ಗಟ್ಟಿ ಮಾಡಿಕೊಳ್ಳುತ್ತಾನೆ. ಹೊಲದಲ್ಲಿ ದುರ್ಯೋಧನನ ಅಬ್ಬರ ಕೇಳಿದರೆ ಇಲ್ಲಿ ಯಾರೂ ಗಾಬರಿಯಾಗುವುದಿಲ್ಲ.

ಈ ಕಲೆಯ ಮೈಕಟ್ಟೇ ಬಯಲಿಗೆ ಹೊಂದಿಕೊಂಡದ್ದು. ಮೈಕಿಲ್ಲದ ಕಾಲದಲ್ಲಿ ಊರ ತುದಿಯಲ್ಲಿ ಕಂಬಳಿ ಹಾಸಿ ಕೂತವನಿಗೂ ಮಾತು ಮುಟ್ಟಬೇಕಿತ್ತು, ಹಾಗಾಗಿ ಶ್ರುತಿ ಮೇಲೆ, ಮಾತಿನ ಕೊನೆ ಎಳೆತ. ದೊಂದಿಯ, ಆಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಮುಖದ ಸೂಕ್ಷ್ಮ ಭಾವ ಕಾಣದು. ಆದ್ದರಿಂದ ಭುಜಕೀರ್ತಿ, ಎದೆಹಾರ, ಕಿರೀಟಗಳೆಲ್ಲ ದೊಡ್ಡವು. ಆಟದ ರಾತ್ರಿ ಮರದ ಹಲಗೆಯ ಅಟ್ಟ ಕಟ್ಟುತ್ತಾರೆ, ಅದರ ಮೇಲೆ ಗೆಜ್ಜೆಗಾಲು ಬಿದ್ದರೆ ಅಟ್ಟವೂ ಒಂದು ವಾದ್ಯ. ಪರದೆಯ ಮರೆಯಿಂದ ಬಂದ ಪಾತ್ರವನ್ನು ಸಾರಥಿ ‘ತಾವು ಯಾರು, ಯಾವ ದೇಶ’ ಎಂದು ವಿಚಾರಿಸಿಕೊಳ್ಳುತ್ತಾನೆ. ತಡವಾಗಿ ಬಂದು ಕೂತವರಿಗೂ ಇದರಿಂದ ಕಥೆಯ ಜಾಡು ಸಿಗುತ್ತದೆ. ಇದನ್ನು ಸಭಾಂಗಣದ ಹತ್ತು ನಿಮಿಷಕ್ಕೆ ಕತ್ತರಿಸಿ, ಕಾಲರ್ ಮೈಕ್ ಸಿಕ್ಕಿಸಿ ‘ಜಾನಪದ ವೈಭವ’ ಎನ್ನುವುದು ನನಗೆ ಸರಿಕಾಣದು. ಅಬ್ಬರ ಉಳಿಯುತ್ತದೆ, ಅದಕ್ಕಿದ್ದ ಕಾರಣ ಹೊರಟುಹೋಗಿರುತ್ತದೆ.

ಹಂತಿಯ ಪದಗಳದ್ದು ಇದಕ್ಕಿಂತ ಬಿಗಿಯಾದ ನಂಟು. ಕಣದ ನಡುವೆ ಮೇಟಿ ನೆಟ್ಟು, ಜೋಳದ ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಕಟ್ಟಿ ರಾತ್ರಿಯೆಲ್ಲ ಸುತ್ತಿಸುವಾಗ ಹಾಡುತ್ತಿದ್ದವು ಅವು. ಎತ್ತಿನ ಹಿಂದೆ ನಡೆಯುವವನು ತ್ರಿಪದಿ ಎತ್ತಿದರೆ ಉಳಿದವರು ಸೊಲ್ಲು ಕೂಡಿಸುತ್ತಿದ್ದರು. ನಿದ್ದೆ ಎತ್ತಿಗೂ ಬರಬಾರದು, ಆಳಿಗೂ ಬರಬಾರದು. ಹುಡುಗರು ಇದನ್ನು ಪ್ರತ್ಯೇಕವಾಗಿ ಕಲಿತದ್ದಿಲ್ಲ. ಮೇವಿನ ರಾಶಿಯ ಮೇಲೆ ಮಲಗಿ ಕೇಳುತ್ತಲೇ ಬಂತು. ಈಗ ಹಾವೇರಿ ಜಿಲ್ಲೆಯ ಹೊಲಗಳನ್ನು ಗೋವಿನಜೋಳ ಆವರಿಸಿದೆ, ರಾಶಿಗೆ ಯಂತ್ರ ಬಂದಿದೆ. ಹಂತಿ ಹೋಯಿತು, ಜೊತೆಗೆ ಪದವೂ ಹಿಂದೆ ಸರಿಯಿತು.

ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳಲ್ಲೂ ಹೀಗೇ ಆಯಿತು. ನೇಯ್ದ ಉಣ್ಣೆ ಬಟ್ಟೆಯನ್ನು ತೋಯಿಸಿ, ಹೆಂಗಸರು ಹಲಗೆಯ ಸುತ್ತ ಕೂತು ಅದನ್ನು ಬಡಿದು ದಟ್ಟ ಮಾಡುತ್ತ ಗೇಲಿಕ್ ಭಾಷೆಯಲ್ಲಿ ಹಾಡುತ್ತಿದ್ದರು. ಒಬ್ಬಳು ಹೇಳುವುದು, ಉಳಿದವರು ಹಿಮ್ಮೇಳ. ಆ ಕೆಲಸ ಗಿರಣಿಯ ಪಾಲಾಯಿತು. ಮಕ್ಕಳಿಗೆ ಗೇಲಿಕ್ ಹಾಡು, ಕುಣಿತ, ವಾದ್ಯ ಕಲಿಸಲು 1981ರಲ್ಲಿ ಬಾರಾ ದ್ವೀಪದಲ್ಲಿ ಸ್ಥಳೀಯರೇ ಒಂದು ಕಲಿಕೆಯ ಹಬ್ಬ ಆರಂಭಿಸಿದರು. ಅದನ್ನು ನೋಡಿ ಬೇರೆ ಊರುಗಳೂ ಶುರುಮಾಡಿದವು.

ನಮ್ಮಲ್ಲಿ ಆ ಹೊಣೆ ಸರ್ಕಾರದ ಮೂಲಕ ಬಂತು. 2011ರಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಹುಟ್ಟಿತು. ಮೊದಲ ಕುಲಪತಿ ಅಂಬಳಿಕೆ ಹಿರಿಯಣ್ಣ. ಜಾನಪದಕ್ಕೆಂದೇ ಇಡೀ ಒಂದು ವಿಶ್ವವಿದ್ಯಾಲಯ ಮೀಸಲಾದದ್ದು ಅಪರೂಪವೇ. ಅಲ್ಲೇ ಹತ್ತಿರ, ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನು ಆಳೆತ್ತರದ ಸಿಮೆಂಟಿನ ಶಿಲ್ಪಗಳಲ್ಲಿ ನಿಲ್ಲಿಸಿದ ಅವರು ದೊಡ್ಡಾಟಕ್ಕಾಗಿಯೂ ದುಡಿದವರು, 2020ರಲ್ಲಿ ತೀರಿಕೊಂಡರು. ವಿಶ್ವವಿದ್ಯಾಲಯ ಪದವಿ ಕೊಡಬಹುದು, ದಾಖಲೆ ಇಡಬಹುದು. ಅದೂ ಸಣ್ಣ ಕೆಲಸವಲ್ಲ. ಆದರೆ ಮಾಸ್ತರರನ್ನು ಕರೆಸಿ ಸರದಿಯ ಮೇಲೆ ಊಟ ಹಾಕುವ ಕೆಲಸವನ್ನು ಊರೇ ಮಾಡಬೇಕು.

ಕುರುಬರ ಡೊಳ್ಳು ಅಷ್ಟು ಸೊರಗಿಲ್ಲ. ಬೀರಪ್ಪನ ಗುಡಿ ಇರುವ ಕಡೆ ಡೊಳ್ಳೂ ಇರುತ್ತದೆ, ದೊಡ್ಡವರ ಪಕ್ಕದಲ್ಲಿ ನಿಂತು ತಾಳ ಬಡಿಯುವ ಹುಡುಗರೂ ಇರುತ್ತಾರೆ. ಕೊರಳಿಗೆ ಹಾಕಿಕೊಂಡ ಡೊಳ್ಳಿಗೆ ಒಂದು ಕಡೆ ಕೋಲು, ಇನ್ನೊಂದು ಕಡೆ ಅಂಗೈ. ಮೈಯನ್ನೆಲ್ಲ ಬಾಗಿಸಿ ಬಾರಿಸುತ್ತ ಕುಣಿಯಬೇಕು. ಕನಕದಾಸರ ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲೇ. ಕನಕ ಜಯಂತಿಯ ಮೆರವಣಿಗೆ ಬಂತೆಂದರೆ ಡೊಳ್ಳಿನವರಿಗೆ ಬಿಡುವಿಲ್ಲ.

ಬಯಲಿನ ದನಿಗೆ ಎಷ್ಟು ಬಲವೆಂಬುದು ಗೊತ್ತಾಗಬೇಕೆಂದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ನವರಾತ್ರಿಯಲ್ಲಿ ಹೋಗಬೇಕು. ಮಾಲತೇಶನ ಕಾರಣಿಕದ ಹೊತ್ತಿಗೆ ಗುಡ್ಡದ ತುಂಬ ಜನ, ಕಂಬಳಿಯ ನಿಲುವಂಗಿಯ ಗೊರವರ ಡಮರುಗ, ಕೊಳಲು, ‘ಏಳು ಕೋಟಿ’ಯ ಕೂಗು. ಉಪವಾಸವಿದ್ದ ಗೊರವಪ್ಪ ಬಿಲ್ಲೇರಿ ‘ಸದ್ದಲೇ’ ಎಂದರೆ ಸಾಕು, ಅಷ್ಟೂ ಜನ ಬಾಯಿ ಮುಚ್ಚುತ್ತಾರೆ. ಆಮೇಲೆ ಬರುವ ಒಂದು ಸಾಲಿನ ಭವಿಷ್ಯವನ್ನು ಮಳೆಗೋ, ಬೆಳೆಗೋ, ಚುನಾವಣೆಗೋ ಹೊಂದಿಸಿಕೊಳ್ಳುತ್ತ ಜನ ಗುಡ್ಡ ಇಳಿಯುತ್ತಾರೆ.

ದೊಡ್ಡಾಟ ನೋಡಬೇಕೆನ್ನುವವರು ಬೇಸಿಗೆಯ ಜಾತ್ರೆಗಳನ್ನು ವಿಚಾರಿಸಿಕೊಂಡು ಬರಬೇಕು. ರಾತ್ರಿ ಎಂಟಕ್ಕೆ ಬಂದರೆ ಅಟ್ಟಕ್ಕೆ ಇನ್ನೂ ಮೊಳೆ ಹೊಡೆಯುತ್ತಿರುತ್ತಾರೆ. ಊಟ ಮುಗಿಸಿ, ಹಾಸಲಿಕ್ಕೊಂದು ಚಾದರ ಹಿಡಿದು ನಿಧಾನವಾಗಿ ಹೋಗಿ. ಗಣಪತಿ ಸ್ತುತಿಯಾಗಿ, ಶಾರದೆ ಬಂದು ಹೋಗಿ, ಕಥೆ ಕುದುರುವಷ್ಟರಲ್ಲಿ ನಡುರಾತ್ರಿ. ನಡುವೆ ನಿದ್ದೆ ಬಂದರೆ ಸಂಕೋಚ ಬೇಡ, ಪಕ್ಕದವರೂ ಮಲಗಿರುತ್ತಾರೆ. ಯುದ್ಧ ಶುರುವಾಗುವುದು ಬೆಳಗಿನ ಜಾವಕ್ಕೆ. ಆಗ ಅವರೇ ಎಬ್ಬಿಸುತ್ತಾರೆ.